ದೇವರ ಜಗಲಿಯ ಗ್ರಾಫಿಕ್ಸ್ ಕಾರ್ಡು

ಅಣ್ಣನ ಕಂಪ್ಯೂಟರನ್ನು ಮತ್ತೆ ಹಚ್ಚಬೇಕಾಗಿ ಬಂದದ್ದು ಒಂದು ಫೋಟೋದ ಸಲುವಾಗಿ. ಟ್ರಾಲರಿನಲ್ಲಿ ಬಲೆ ಎಳೆಯುವ ಕೂಲಿಗೆ ಹೋದವನು ಕಡಲಿಗೆ ಬಿದ್ದ. ಹೆಣ ಸಿಗಲಿಲ್ಲ. ಜೇಬಿನಲ್ಲಿದ್ದ ಫೋನೂ ಅವನ ಜೊತೆಗೇ ಹೋಯಿತು. ಅದು ಆದಮೇಲಿನ ಮೊದಲ ಮಹಾನವಮಿ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಆ ದಿನ ನಮ್ಮಲ್ಲಿ ತೀರಿಕೊಂಡವರ ಫೋಟೋಗೆ ಮಾಲೆ ಹಾಕಿ, ಮುಂದೆ ಹೊಸ ಬಟ್ಟೆಯಿಟ್ಟು ಎಡೆ ಹಿಡಿಯುತ್ತಾರೆ. ವಿಜಯಪುರದ ಕಡೆಯಿಂದ ಗೋವಾದ ವಾಸ್ಕೋಗೆ ಬಂದು ನೆಲೆಸಿದ ಮೇಲೂ ಅವ್ವ ಈ ಹಬ್ಬವನ್ನು ಬಿಟ್ಟವಳಲ್ಲ. ಈ ಸಲ ಮಾತ್ರ ಕೈಕಟ್ಟಿ ಕೂತಿದ್ದಳು.

"ಹೆಣಾನೂ ಸಿಗಲಿಲ್ಲ, ಮಾರೀನೂ ಇಲ್ಲ. ಯಾರ ಮುಂದ ಎಡಿ ಹಿಡೀಲಿ?" ಎನ್ನುತ್ತಿದ್ದಳು.

ಅಣ್ಣನ ಮುಖವಿದ್ದ ಒಂದು ಫೋಟೋ ಅವನ ಆಧಾರ್ ಕಾರ್ಡಿನಲ್ಲಿತ್ತು. ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಲ್ಲೇ ಅದನ್ನು ದೊಡ್ಡದು ಮಾಡಿಸಿ ತಂದೆ. ಅವ್ವ ನೋಡಿ, "ಇಂವ ಯಾವ ಕಳ್ಳ?" ಎಂದಳು. ನನಗೆ ನಗು ಬಂತು, ಬೆನ್ನಿಗೇ ಸಿಟ್ಟೂ ಬಂತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಮುಖ ಯಾರದ್ದಾದರೂ ಆಗಬಹುದಿತ್ತು.

ಉಳಿದದ್ದು ಕಂಪ್ಯೂಟರು. ಅಣ್ಣ ತೆಗೆದ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಅದನ್ನು ಅವನು ತಾನೇ ಜೋಡಿಸಿದ್ದ. ಯಾರೋ ಎಸೆದದ್ದು, ಯಾರೋ ಕೊಟ್ಟದ್ದು ಕೂಡಿಸಿ ಕೆಲಸಕ್ಕೆ ಹಚ್ಚಿದ್ದ. ಅವನು ಹೋದಮೇಲೆ ಯಾರೂ ಮುಟ್ಟಿರಲಿಲ್ಲ. ನಾನು ಡಬ್ಬಿ ತೆರೆದು ನೋಡಿದರೆ ಒಳಗಿನ ಗ್ರಾಫಿಕ್ಸ್ ಕಾರ್ಡು ಮಳೆಗಾಲದ ಉಪ್ಪುಗಾಳಿಗೆ ಕಿಲುಬು ಹಿಡಿದು ಕೆಟ್ಟುಹೋಗಿತ್ತು. ಪರದೆಗೆ ಚಿತ್ರ ಕಳಿಸುವುದೇ ಆ ಕಾರ್ಡು. ಅದಿಲ್ಲದೆ ಆ ಯಂತ್ರ ಕುರುಡು. ಫೋಟೋಗಳಿರುವ ಡಿಸ್ಕನ್ನಷ್ಟೇ ಬಿಚ್ಚಿ ಅಂಗಡಿಗೆ ಒಯ್ದರೆ ಕೆಲಸ ಮುಗಿಯುತ್ತಿತ್ತು. ಅವ್ವ ಬಿಡಲಿಲ್ಲ.

"ಅವನ ಸಾಮಾನು ಹೊಸ್ತಲಾ ದಾಟೂದು ಬ್ಯಾಡ. ಅವ ದಾಟಿ ಹ್ವಾದದ್ದ ಸಾಕು."

ಆಮೇಲೆ ಅವಳೇ ದೇವರ ಜಗಲಿಯಿಂದ ಅಣ್ಣನ ಹಳೆಯ ಕಾರ್ಡನ್ನು ತೆಗೆದುಕೊಟ್ಟಳು. ಅದು ಮೊದಲು ಅದೇ ಯಂತ್ರದಲ್ಲಿ ಇದ್ದದ್ದು. ಹೊಸದು ಸಿಕ್ಕಮೇಲೆ ಅಣ್ಣ ಬಿಚ್ಚಿಟ್ಟಿದ್ದ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮನೆಯ ಕರಣೆ, ಸುತ್ತಿಗೆಗಳ ಜೊತೆ ಅವನ ಸ್ಕ್ರೂಡ್ರೈವರನ್ನೂ ಈ ಕಾರ್ಡನ್ನೂ ಇಟ್ಟು ಅವ್ವ ಪೂಜೆ ಮಾಡುತ್ತಿದ್ದಳು. ಪೂಜೆ ಮುಗಿದಮೇಲೆ ಉಳಿದವು ಕೆಲಸಕ್ಕೆ ಇಳಿದವು. ಅಣ್ಣನವು ಜಗಲಿಯಲ್ಲೇ ಉಳಿದವು.

ಭಾನುವಾರ ಮಧ್ಯಾಹ್ನ ಕಾರ್ಡಿನ ಮೇಲಿನ ಅರಿಶಿನವನ್ನು ಬಟ್ಟೆಯಿಂದ ಒರೆಸಿ ಜಾಗಕ್ಕೆ ಕೂರಿಸಿದೆ. ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪು. 'ನೋ ಸಿಗ್ನಲ್' ಎಂದು ಒಮ್ಮೆ ಹೇಳಿ ಅದೂ ಸುಮ್ಮನಾಯಿತು. ಬಂದ್ ಮಾಡಿ ಕಾರ್ಡನ್ನು ತೆಗೆದು ಮತ್ತೆ ಒತ್ತಿ ಕೂರಿಸಿದೆ. ಮೆಮೊರಿಯ ಪಟ್ಟಿ ತೆಗೆದು ಒರೆಸಿ ಹಾಕಿದೆ. ಪರದೆಗೆ ಹೋಗುವ ಕೇಬಲ್ಲನ್ನು ಬಿಚ್ಚಿ ಸಿಕ್ಕಿಸಿದೆ. ಎಷ್ಟು ಒತ್ತಿದರೂ ಅದರ ತುದಿ ಪೂರ್ತಿ ಒಳಗೆ ಹೋಗುತ್ತಿಲ್ಲ ಅನ್ನಿಸಿತು. ಹಳೆಯದು, ಬಿಗಿಯಾಗಿರಬೇಕು ಎಂದುಕೊಂಡೆ. ತಲೆ ಕೆಟ್ಟು ಹಾಗೇ ಚಾಲೂ ಬಿಟ್ಟು ಕೂತೆ.

ಆಗ ಸ್ಪೀಕರಿನಿಂದ ಅಣ್ಣ ಕೂಗಿದ: "ಯವ್ವಾ, ಚಾ ಇಡು."

ಒಳಗಿನಿಂದ ಅವ್ವ ಅಂದಳು: "ಇಟ್ಟೇನಿ, ತಡಿ."

ಅವ್ವನನ್ನು ಕಾಡಿಸಲೆಂದು ಅವನು ತನ್ನ ದನಿಯನ್ನೇ ರೆಕಾರ್ಡ್ ಮಾಡಿ, ಕಂಪ್ಯೂಟರು ಶುರುವಾದಾಗ ಕೂಗುವಂತೆ ಇಟ್ಟಿದ್ದ. ಇದ್ದಾಗ ದಿನಾ ಕೇಳಿ ಬೇಸತ್ತಿದ್ದೆವು. ಈಗ ಕಪ್ಪು ಪರದೆಯ ಹಿಂದೆ ಅವನೇ ಕೂತಿದ್ದಾನೆ, ಮುಖ ತೋರಿಸಲು ಒಲ್ಲೆ ಅನ್ನುತ್ತಿದ್ದಾನೆ ಅನ್ನಿಸಿತು. ಹೆದರಿಕೆಯಾಯಿತು, ಅಣ್ಣನ ದನಿಗೆ.

ಅವ್ವ ಬಾಗಿಲಲ್ಲಿ ಬಂದು ನಿಂತಳು. "ಇನ್ನೊಮ್ಮೆ ಹಚ್ಚು."

ಹಚ್ಚಿದೆ. ಅವನು ಮತ್ತೆ ಚಹಾ ಕೇಳಿದ. ಅವ್ವ ಮತ್ತೆ ತಡಿ ಅಂದಳು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಅವಳು ಹೇಳುತ್ತಲೇ ಇದ್ದಳು. ಹಾಗೆ ಹಚ್ಚುತ್ತಿದ್ದಾಗ ಒಂದು ಮಾತು ತಲೆಗೆ ಹೊಳೆಯಿತು. ಅವನು ಕೂಗಬೇಕಾದರೆ ಯಂತ್ರ ಪೂರ್ತಿ ಶುರುವಾಗಿದೆ. ಕೆಟ್ಟಿರುವುದು ಚಿತ್ರ ಹೊರಬರುವ ದಾರಿ ಮಾತ್ರ.

ಬಂದ್ ಮಾಡಿ ಕಾರ್ಡನ್ನು ಕಿತ್ತು ಬೆಳಕಿಗೆ ಹಿಡಿದೆ. ಕೇಬಲ್ ಸಿಕ್ಕಿಸುವ ನೀಲಿ ಬಾಯಲ್ಲಿ ಸಾಲುಸಾಲು ಸಣ್ಣ ತೂತುಗಳಿರುತ್ತವೆ. ಅಷ್ಟೂ ತೂತುಗಳಲ್ಲಿ ಕುಂಕುಮ ತುಂಬಿ ಗಟ್ಟಿಯಾಗಿತ್ತು. ಆ ಬಾಯೇ ಕಾರ್ಡಿನ ಹಣೆಯೆಂದು ತಿಳಿದು ಅವ್ವ ನೀರಲ್ಲಿ ಕಲಸಿದ ಕುಂಕುಮವನ್ನು ಅಲ್ಲಿಗೇ ಒತ್ತುತ್ತಿದ್ದಳು. ಇದನ್ನು ರಿಪೇರಿಯವರಿಗೆ ಹೇಳಿದರೆ ಬಿದ್ದುಬಿದ್ದು ನಗುತ್ತಿದ್ದರು.

ನಾನು ಸೂಜಿ ಹುಡುಕುವುದನ್ನು ನೋಡಿ ಅವ್ವ ನನ್ನ ಮುಂಗೈ ಹಿಡಿದಳು. "ತಗೀಬ್ಯಾಡ. ಅವ ಇದ್ದಾಗ ಹಚ್ಚಿದ ಕುಂಕುಮ ಅದು. ಅಳಿಸಿದ್ರ ಅವ ಹ್ವಾದ ಅಂತ ನಾನ ಒಪ್ಪಿದಂಗ."

"ಮಾರಿ ನೋಡಬೇಕಂದ್ರ ತಗೀಬೇಕವ್ವಾ," ಎಂದೆ. ಕಡೆಗೆ ಅವ್ವ ತಾನೇ ಕೌದಿ ಹೊಲಿಯುವ ಸೂಜಿಯನ್ನು ತಂದು ನನ್ನ ಕೈಗಿಟ್ಟು ಗೋಡೆಯ ಕಡೆ ಮುಖ ಮಾಡಿದಳು. ಒಂದೊಂದೇ ತೂತು ಕೆದರಿದೆ. ಕೆಂಪು ಪುಡಿ ನನ್ನ ಮಡಿಲಿಗೆ ಉದುರಿತು. ಅಳು ಬಂತು, ಅತ್ತುಕೊಂಡೇ ಕೆದರಿದೆ.

ಈ ಸಲ ಕೇಬಲ್ಲು ಬುಡದವರೆಗೂ ಕೂತಿತು. ಪರದೆ ಬೆಳಗಿತು. ಅಣ್ಣ ಚಹಾ ಕೇಳಿದ. ಅವ್ವ ಉತ್ತರ ಕೊಡಲಿಲ್ಲ. ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತ ಹೋದೆ. ಅವ್ವ, ನಾನು, ಅಪ್ಪ ಇದ್ದಾಗಿನ ಮನೆ, ಬಂದರಿನ ಹಡಗು, ಓಣಿಯ ನಾಯಿ. ಫೋಟೋ ತೆಗೆಯುತ್ತಿದ್ದವನು ಅವನು. ಯಾವುದರಲ್ಲೂ ಅವನಿಲ್ಲ. ಎಲ್ಲ ಮುಗಿಯಿತು ಎಂದು ಅವ್ವನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಾಗ ಅವಳು "ನಿಲ್ಲಸು" ಎಂದಳು.

ಅದು ಬಾಯ್ನಾ ಕಡಲದಂಡೆಯ ಫೋಟೋ. ಇಳಿಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವ್ವ ಒಬ್ಬಳೇ ನಿಂತಿದ್ದಾಳೆ. ಅಣ್ಣ ಕಡಲಿಗೆ ಬೆನ್ನು ಮಾಡಿ ನಿಂತು ತೆಗೆದಿರಬೇಕು. ಉಸುಕಿನ ಮೇಲೆ ಅವನ ನೆರಳು ಉದ್ದಕ್ಕೆ ಚಾಚಿ, ತಲೆ ಅವ್ವನ ಪಾದಕ್ಕೆ ಮುಟ್ಟಿದೆ.

ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಅಮಾವಾಸ್ಯೆಯ ದಿನ ಅವ್ವ ಅದಕ್ಕೆ ಮಾಲೆ ಹಾಕಿ, ಹೊಸ ಅಂಗಿಯಿಟ್ಟು ಎಡೆ ಹಿಡಿದಳು. ಪಕ್ಕದ ಮನೆಯ ಕಾಕು ಒಳಗೆ ಬಂದವಳು ನೋಡಿ ಹೌಹಾರಿದಳು.

"ಅಯ್ಯ ವೈನಿ, ಜೀವಂತ ಇದ್ದಾಕಿ ಫೋಟೋಕ್ಕ ಮಾಲಿ ಹಾಕ್ತಾರೇನ್ರಿ? ತಗೀರಿ ಮೊದಲ."

"ನನಗಲ್ಲ್ರಿ," ಎಂದಳು ಅವ್ವ. "ನನ್ನ ಕಾಲಾಗ ಮಲಗ್ಯಾನ ನೋಡ್ರಿ, ಅವಗ."