ಅಕ್ಕನ ತಲೆಯ ಸಿಕ್ಕು

ನಮ್ಮ ಅವ್ವನದು ಗುಂಗುರು ಕೂದಲು. ಅದು ಅಕ್ಕನಿಗೆ ಬಂತು, ನನಗೆ ಬರಲಿಲ್ಲ. ನನ್ನದು ಅಪ್ಪನ ಕಡೆಯ ನೆಟ್ಟನೆಯ ತೆಳು ಕೂದಲು, ಬಾಚಣಿಗೆ ಆಡಿಸಿದರೆ ಮುಗಿಯಿತು. ಅಕ್ಕನ ಕೂದಲು ಒದ್ದೆಯಾದಾಗ ಸೊಂಟದಿಂದ ಕೆಳಗಿಳಿಯುತ್ತಿತ್ತು, ಒಣಗಿದರೆ ಸುರುಳಿ ಸುತ್ತಿಕೊಂಡು ಬೆನ್ನಿನ ನಡುವಿಗೆ ಏರಿಬಿಡುತ್ತಿತ್ತು. ಅರಕಲಗೂಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಂಥ ತಲೆ ಇನ್ನೊಂದಿರಲಿಲ್ಲ.

ಅದನ್ನು ಪಳಗಿಸುವುದು ಅವ್ವನಿಗೆ ಮಾತ್ರ ಗೊತ್ತಿತ್ತು. ಶುಕ್ರವಾರ ಹರಳೆಣ್ಣೆ ಬೆಚ್ಚಗೆ ಮಾಡಿ ಬುಡಕ್ಕೆ ತಿಕ್ಕಿ, ಸೀಗೆಪುಡಿಯಲ್ಲಿ ತೊಳೆದು, ಕೊನೆಗೆ ದಾಸವಾಳದ ಸೊಪ್ಪಿನ ಲೋಳೆ ಹಚ್ಚುತ್ತಿದ್ದಳು. ಲೋಳೆಯ ಜಾರು ಇರುವಾಗಲೇ ಬೆರಳಲ್ಲಿ ಸಿಕ್ಕು ಬಿಡಿಸಬೇಕು, ತುದಿಯಿಂದ ಹಿಡಿದು ಬುಡಕ್ಕೆ ಹೋಗಬೇಕು. ಒಣಗಿದ ಮೇಲೆ ಎಳೆದರೆ ಕೂದಲು ತುಂಡಾಗುತ್ತದೆ, ಇಲ್ಲವೇ ಗಂಟಾಗುತ್ತದೆ. ಮಲಗುವ ಮುಂಚೆ ಸಡಿಲವಾಗಿ ಹೆಣೆದು ಹಳೇ ಸೀರೆಯ ತುಂಡು ಸುತ್ತುತ್ತಿದ್ದಳು. ಅಕ್ಕ ತೂಕಡಿಸುತ್ತಾ ಅವ್ವನ ಮೊಣಕಾಲಿಗೆ ಒರಗಿರುತ್ತಿದ್ದಳು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವ್ವ ಹೆರಿಗೆಯಲ್ಲಿ ತೀರಿಕೊಂಡಳು. ಗಂಡು ಕೂಸು ಉಳಿಯಿತು, ಆದರೆ ಬಲ ಇರಲಿಲ್ಲ. ಅಪ್ಪನ ತಾಯಿ, ನಮ್ಮ ಅಜ್ಜಿ, ಮೇಕೆಹಾಲು ಕುಡಿಸಿ ಅದನ್ನು ಹೇಗೋ ಹಿಡಿದುಕೊಂಡಿದ್ದಳು. ತಿಥಿ ಕಳೆದ ಸ್ವಲ್ಪ ದಿನಕ್ಕೇ ಅಕ್ಕನಿಗೆ ವಿಷಮಶೀತ ಜ್ವರ ಬಂತು. ವಾರಗಟ್ಟಲೆ ಚಾಪೆ ಬಿಟ್ಟೇಳಲಿಲ್ಲ. ಅವಳ ತಲೆಯ ಕಡೆ ನೋಡುವಷ್ಟು ಪುರುಸೊತ್ತು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಆಗ ಒಂಬತ್ತೋ ಹತ್ತೋ ವಯಸ್ಸು.

ಜ್ವರ ಬಿಟ್ಟು ಅಕ್ಕ ಎದ್ದು ಕೂತಾಗ ಹಿಂದಲೆಯ ಕೂದಲೆಲ್ಲ ಬೆವರಿಗೆ ಅಂಟಿ, ಚಾಪೆಗೆ ಉಜ್ಜಿ, ಒಂದೇ ಗಟ್ಟಿ ಮುದ್ದೆಯಾಗಿತ್ತು. ನೆತ್ತಿಯ ಹತ್ತಿರ ಬೆರಳು ತೂರುತ್ತಿರಲಿಲ್ಲ. ನೋಡಿದ ಪಕ್ಕದ ಮನೆಯವರು ಅದು ಸಿಕ್ಕಲ್ಲ, ದೇವರು ಕೊಟ್ಟ ಜಡೆ ಎಂದರು. ಮೈಮೇಲೆ ದೇವರು ಬರುವ ಹೆಂಗಸೊಬ್ಬಳು ಪಕ್ಕದ ಊರಿನಿಂದ ಬಂದು ಕೈಮುಗಿದು, ಅದಕ್ಕೆ ಎಣ್ಣೆ, ಬಾಚಣಿಗೆ, ಕತ್ತರಿ ಯಾವುದೂ ಸೋಕಬಾರದು, ಸೋಕಿದರೆ ಮನೆಯಲ್ಲಿ ಸಾವಾಗುತ್ತದೆ ಎಂದು ಹೇಳಿಹೋದಳು.

ಅಕ್ಕ ನಂಬಲಿಲ್ಲ. ಅಜ್ಜಿ ಹೊಲಕ್ಕೆ ಹೋದಾಗ ಹರಳೆಣ್ಣೆ ಬಟ್ಟಲು ಹಿಡಿದು ಹಿತ್ತಲಿನಲ್ಲಿ ಕೂರುತ್ತಿದ್ದಳು. ಅವ್ವ ಮಾಡುತ್ತಿದ್ದ ಹಾಗೇ ತುದಿಯಿಂದ ಬಿಡಿಸಲು ನನಗೆ ಹೇಳುತ್ತಿದ್ದಳು. ಬೆರಳು ನೋಯುತ್ತಿತ್ತು. ಆದರೂ ಕೆಳಗಿನ ಒಂದಷ್ಟು ಎಳೆಗಳು ಬಿಟ್ಟುಕೊಂಡವು, ಬಿಡುತ್ತಲೇ ಮೊದಲಿನಂತೆ ಸುರುಳಿ ಸುತ್ತಿಕೊಂಡವು. ಅಕ್ಕ ಅದನ್ನು ಮುಂದಕ್ಕೆಳೆದು ಮುಟ್ಟಿ ನೋಡಿಕೊಂಡಳು. ಅವ್ವ ಹೋದ ಮೇಲೆ ಅವಳು ನಕ್ಕದ್ದನ್ನು ಅವತ್ತೇ ನಾನು ನೋಡಿದ್ದು.

ಅದೇ ವಾರ ಕೂಸಿಗೆ ಭೇದಿ ಹತ್ತಿಕೊಂಡು ಸತ್ತುಹೋಯಿತು.

ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಅಕ್ಕನ ಬೆನ್ನಿನ ಮೇಲೆ ಇಳಿಬಿದ್ದಿದ್ದ ಆ ಬಿಡಿ ಎಳೆಗಳನ್ನೂ ಎಣ್ಣೆಯ ಬಟ್ಟಲನ್ನೂ ನೋಡಿದಳು. ಬಟ್ಟಲು ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಇಟ್ಟಳು. ಗಂಡ, ಇಬ್ಬರು ಮಕ್ಕಳು, ಸೊಸೆ, ಈಗ ಮೊಮ್ಮಗ, ಎಲ್ಲರನ್ನೂ ಮಣ್ಣು ಮಾಡಿದ್ದ ಮುದುಕಿ ಅವಳು. ಇನ್ನೊಬ್ಬರನ್ನು ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಅಪ್ಪ ಬಾಗಿಲಿನತ್ತ ಮುಖ ಮಾಡಿ ಕೂತಿದ್ದ. ಅಕ್ಕನೇ ಕೊನೆಗೆ, "ಇನ್ ಮುಟ್ಬ್ಯಾಡ ಕಣ ಮಗ," ಎಂದಳು. ಅಲ್ಲಿಂದ ಮುಂದೆ ಅವಳಾಗಿ ಎಣ್ಣೆ ಕೇಳಲಿಲ್ಲ.

ನನ್ನನ್ನು ಓದಲು ಹೊಳೆನರಸೀಪುರಕ್ಕೆ, ಸೋದರಮಾವನ ಮನೆಗೆ ಕಳಿಸಿದರು. ರಜಕ್ಕೆ ಬಂದಾಗಲೆಲ್ಲ ಅಕ್ಕನ ಜಡೆ ಇನ್ನಷ್ಟು ದಪ್ಪವಾಗಿರುತ್ತಿತ್ತು. ತೊಳೆದರೆ ಎರಡು ದಿನ ಒಳಗೆ ಒಣಗದು, ಮುಗ್ಗಲು ವಾಸನೆ. ಒಳಗೆ ಹೇನು. ಅಂಗಾತ ಮಲಗಲಾಗದೆ ಮಗ್ಗುಲಾಗಿ ಮಲಗಿ ಕುತ್ತಿಗೆ ಹಿಡಿದುಕೊಂಡಿತ್ತು. ಊರವರು ಮಾತ್ರ ಮಂಗಳವಾರ ಬಂದು ಜಡೆಗೆ ಅರಿಶಿನ ಕುಂಕುಮ ಹಚ್ಚಿ ಕಾಲು ಮುಟ್ಟಿ ಹೋಗುತ್ತಿದ್ದರು.

ಒಂದು ಸಲ ಚನ್ನರಾಯಪಟ್ಟಣದ ಕಡೆಯಿಂದ ಹೆಣ್ಣು ನೋಡಲು ಬಂದರು. ಅಪ್ಪನೇ ಯಾರ ಮೂಲಕವೋ ಹೇಳಿಕಳಿಸಿದ್ದನಂತೆ. ಅಕ್ಕ ಸೆರಗನ್ನು ತಲೆಯ ತುಂಬ ಹೊದ್ದು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಬಗ್ಗುವಾಗ ಸೆರಗು ಜಾರಿತು. ಹುಡುಗನ ತಾಯಿ ಅಲ್ಲಿಂದಲೇ ಎದ್ದುಬಿಟ್ಟಳು. ಏನೋ ಕೆಟ್ಟ ಮಾತು ಆಡುತ್ತಾಳೆ ಎಂದುಕೊಂಡೆ. ಆಕೆ ಬಂದು ಅಕ್ಕನ ಪಾದಕ್ಕೆ ಹಣೆ ಮುಟ್ಟಿಸಿ, "ತೆಪ್ಪಾಯ್ತು ಕಣವ್ವ. ದ್ಯಾವ್ರ ಸೊತ್ತ ಕೇಳಾಕ್ ಬಂದ್ಬುಟ್ವು," ಎಂದಳು. ಹುಡುಗನೂ ಕೈಮುಗಿದ. ಅಕ್ಕ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಅವರು ತಿಂಡಿ ಮುಟ್ಟದೆ ಹೋದರು. ಮತ್ತೆ ಯಾರೂ ನೋಡಲು ಬರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೂ ಮನೆಯ ನಂಬಿಕೆ ಬದಲಾಗಲಿಲ್ಲ. ಅಪ್ಪ ಇನ್ನೊಂದು ಮದುವೆಯಾದ, ಚಿಕ್ಕವ್ವನಿಗೆ ಮಕ್ಕಳಾದವು. ನಾನೂ ಮದುವೆಯಾಗಿ ಹಾಸನದಲ್ಲಿ ಸಂಸಾರ ಹೂಡಿದೆ. ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಕ್ಕ ಒಬ್ಬಳೇ ಬಸ್ಸಿಳಿದು ನಮ್ಮ ಮನೆಗೆ ಬಂದಳು. ಜಡೆಯ ಬುಡದಲ್ಲಿ ಹುಣ್ಣಾಗಿ ಕೀವು ಕಿವಿಯ ಹಿಂದಕ್ಕೆ ಇಳಿದಿತ್ತು, ಮೈ ಸುಡುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿ, ಇದನ್ನು ತೆಗೆಯದೆ ಔಷಧಿ ಹಾಕಲಾಗದು ಎಂದರು. ಅಕ್ಕ ನನ್ನ ಮುಖ ನೋಡದೆ, "ತಗೀರಿ," ಎಂದಳು.

ಕೆಳಗೆ ಬಿದ್ದಾಗ ಅದು ಕೂದಲಿನ ಹಾಗೆ ಸದ್ದು ಮಾಡಲಿಲ್ಲ. ಕೀವು, ಹೇನು ಇದ್ದದ್ದರಿಂದ ಆಸ್ಪತ್ರೆಯವರು ಹಿಂದುಗಡೆ ಒಯ್ದು ಸುಟ್ಟರು. ಅಕ್ಕ ಆ ವಾರವೆಲ್ಲ ಅಂಗಾತ ಮಲಗಿ ನಿದ್ದೆ ಮಾಡಿದಳು. ಹುಣ್ಣು ಮಾಯಿತು. ಕಲೆಯಿದ್ದ ಕಡೆ ನುಣ್ಣಗಾಗಿ, ಉಳಿದ ಕಡೆ ಹೊಸ ಕೂದಲು ಸಣ್ಣ ಸಣ್ಣ ಉಂಗುರವಾಗಿ ಹುಟ್ಟತೊಡಗಿತು.

ಅಷ್ಟರಲ್ಲಿ ಅಪ್ಪ ಕರೆದೊಯ್ಯಲು ಬಂದ. ಅಕ್ಕನ ತಲೆ ನೋಡಿ, ಜಡೆ ಎಲ್ಲಿ ಎಂದು ಕೇಳಿದ. ರಾಮನಾಥಪುರಕ್ಕೆ ಒಯ್ದು ಕಾವೇರಿಗಾದರೂ ಬಿಡಬೇಕಿತ್ತು ಎಂದ. ಸುಟ್ಟರು ಎಂದು ನಾನು ಹೇಳಿದಾಗ ಜಗಲಿಯ ಮೇಲೆ ಕುಸಿದು, ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಅವ್ವ ಸತ್ತಾಗ ಅವನು ಹಾಗೆ ಅತ್ತದ್ದು ನಾನು ಕಾಣೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನಾನು ಎಷ್ಟು ಬೇಡಿಕೊಂಡರೂ ಇಲ್ಲೇ ಇರಲು ಒಪ್ಪದೆ ಮಾರನೆಯ ದಿನ ಅವನ ಜೊತೆ ಬಸ್ಸು ಹತ್ತಿದಳು.

ಮುಂದಿನ ವರ್ಷ ಗೌರಿಹಬ್ಬಕ್ಕೆ ಊರಿಗೆ ಹೋದೆ. ಅಕ್ಕನ ಕೂದಲು ಕುತ್ತಿಗೆ ಮುಟ್ಟುವಷ್ಟಾಗಿತ್ತು, ಅವ್ವನದೇ ಸುರುಳಿ. ಆದರೆ ಎಣ್ಣೆ ಕಂಡಿರಲಿಲ್ಲ. ಹಿಂದಲೆಯಲ್ಲಿ ಮತ್ತೆ ಗಂಟುಗಳು. ಬೆರಳು ಹಾಕಿ ಬಿಡಿಸಲು ಹೋದೆ. ಅವಳು ನನ್ನ ಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಬುಡು ಮಗ, ಗಂಟ್ ಕಟ್ಕೊಳ್ಲಿ. ಜಡೆ ಓದಾಗ್ನಿಂದ ಮನೇಲಿ ಒಂದ್ ಕರ ಸತ್ರೂ ನನ್ನೇ ನೋಡ್ತಾರೆ. ಚಿಕ್ಕವ್ವ ಮಕ್ಳ ಎತ್ಕೊಳ್ಳಾಕೂ ಬುಡಾಕಿಲ್ಲ. ಜಡೆ ಇದ್ರೆ ಒಂದ್ ತಟ್ಟೆ ಅನ್ನನಾದ್ರೂ ಮರ್ವಾದೆಯಿಂದ ಇಕ್ತಾರೆ."

ಒಳಗಿನಿಂದ ಚಿಕ್ಕವ್ವ ಕರೆದಳು. ಅಕ್ಕ ಸೆರಗು ಹೊದ್ದುಕೊಂಡು ಎದ್ದು ಹೋದಳು.