ಜನರ ಸೌಟು

ಮೊನ್ನೆ ಮೊನ್ನೆ ನಮ್ಮಲ್ಲೊಂದು ರಾಜ್ಯಭಾರ ಉರುಳಿತು.

(ಗಲ್ಫಿನಲ್ಲಿ ಕೂತು ಇಂಥ ವಾಕ್ಯ ಬರೆದರೆ ತಕ್ಷಣ ಒಂದು ಬ್ರ್ಯಾಕೆಟ್ ಹಾಕುವುದು ಕ್ಷೇಮ. ಉರುಳಿದ್ದು ಗ್ಲಾಡಿಸ್ ಬಾಯಿಯ ರಾಜ್ಯಭಾರ. ಅದೂ ಊಟದ ಮೇಜಿನದು. ಉಳಿದೆಲ್ಲ ಇದ್ದ ಹಾಗೇ ಇದೆ, ಚೆನ್ನಾಗಿದೆ.)

ವಿಷಯ ಇಷ್ಟು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮ ವಿಲ್ಲಾ ಕಾಂಪೌಂಡಿಗೆ ಸೇರಿದ ಒಂದು ಹಾಲ್ ಇದೆ. ಎರಡು ವಾರಕ್ಕೊಮ್ಮೆ, ಭಾನುವಾರ, ಕರಾವಳಿಯ ಏಳೆಂಟು ಮನೆಯವರು ಅಲ್ಲಿ ಸೇರಿ ಒಟ್ಟಿಗೆ ಉಣ್ಣುತ್ತೇವೆ. ಮನೆಗೊಂದು ಐಟಂ. ಯಾವ ಮನೆಗೆ ಯಾವ ಐಟಂ ಎನ್ನುವುದು ಗ್ಲಾಡಿಸ್ ಬಾಯಿಯ ಅಪ್ಪಣೆ. (ಬಾಯಿ ಎಂದರೆ ನಮ್ಮ ಕಡೆಯ ಕೊಂಕಣಿ ಕ್ರಿಶ್ಚಿಯನ್ನರಲ್ಲಿ ಅಕ್ಕ ಎಂದ ಹಾಗೆ.) ಅವರು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ವಾರ್ಡಿನಲ್ಲಿ ಹೇಗೋ ಹಾಲಿನಲ್ಲೂ ಹಾಗೇ. ಗುರುವಾರ ಸಂಜೆ ಫೋನ್ ಬರುತ್ತಿತ್ತು.

"ಸುಮತಿ, ನಿಂದು ಅನ್ನ. ಖಲಾಸ್."

ಮರುಮಾತಿಗೆ ಮೊದಲೇ ಫೋನ್ ಇಟ್ಟಾಗಿರುತ್ತಿತ್ತು.

ನನ್ನದು ಯಾವಾಗಲೂ ಅನ್ನ. ಮಗಳು ಎಲ್‌ಕೆಜಿಗೆ ಹೋಗುವಾಗಲೂ ಅನ್ನ, ಅವಳು ಒಂಬತ್ತನೇ ಕ್ಲಾಸಿಗೆ ಬಂದರೂ ಅನ್ನ. ಅನ್ನ ಮಾಡಿದರೆ ಮರ್ಯಾದೆ ಹೋಗುತ್ತದಾ ಎಂದು ಕೇಳಬೇಡಿ. ಊಟ ಮುಗಿದ ಮೇಲೆ ಎಲ್ಲರೂ "ಕೋಳಿ ಸುಕ್ಕ ಯಾರದ್ದು, ಭಾರೀ ಲಾಯ್ಕುಂಟು" ಅನ್ನುತ್ತಾರೆ. "ಅನ್ನ ಯಾರದ್ದು" ಎಂದು ಯಾರಾದರೂ ಕೇಳಿದ್ದುಂಟಾ? (ಮುದ್ದೆಯಾದರೆ ಕೇಳುತ್ತಾರೆ.)

ನಾನು ಕೋಳಿ ಗಸಿ ಚೆನ್ನಾಗಿ ಮಾಡುತ್ತೇನೆ. ಇದನ್ನು ನಾನೇ ಹೇಳಿಕೊಳ್ಳಬೇಕು, ಹೇಳಲು ಬೇರೆಯವರಿಗೆ ಅವಕಾಶವೇ ಸಿಕ್ಕಿರಲಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ, ಅನ್ನದ ಜೊತೆ ಒಂದು ಪಾತ್ರೆ ಗಸಿಯನ್ನೂ ಒಯ್ದೆ. ಗ್ಲಾಡಿಸ್ ಬಾಯಿ ಮುಚ್ಚಳ ಎತ್ತಿದರು. ನೋಡಿದರು. ಮುಚ್ಚಿದರು. ಪಾತ್ರೆಯನ್ನು ಮೇಜಿನ ಅಡಿಗೆ ತಳ್ಳಿದರು.

"ಕೋಳಿ ಬೇರೆಯವರಿಗೆ ಹೇಳಿ ಆಗಿದೆ ಮಾರಾಯ್ತಿ. ಎಲ್ಲರೂ ಹೀಗೆ ಮನಸ್ಸಿಗೆ ಬಂದದ್ದು ತಂದ್ರೆ ಡಿಸಿಪ್ಲಿನ್ ಬೇಡ್ವಾ?"

ಗಸಿ ಹೋದ ಹಾಗೇ ವಾಪಸು ಬಂತು. ಬುಧವಾರದವರೆಗೂ ಮನೆಯಲ್ಲಿ ಅದೇ.

ಇದನ್ನೆಲ್ಲ ನೋಡುತ್ತಾ ನಿಂತಿದ್ದವರು ದಿವಾಕರಣ್ಣ. ದುಬೈಯ ಅಲ್ ಕೂಜ್‌ನಲ್ಲಿ ಒಂದು ಗೋದಾಮಿನ ಮ್ಯಾನೇಜರ್. ಕಾಲೇಜಿನಲ್ಲಿ ಯೂನಿಯನ್ ಲೀಡರ್ ಆಗಿದ್ದವರು. ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬರುವ ಅವರಿಗೆ ಬಾಯಿ ವಹಿಸಿದ್ದೇನು? ಐಸ್ ಮತ್ತು ಟಿಶ್ಯೂ. ಕ್ರಾಂತಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಮುಂದಿನ ಸಲ ಊಟಕ್ಕೆ ಮೊದಲೇ ಅವರು ಎದ್ದು ನಿಂತರು. "ಇದೆಂತ ಬಾಯಿ, ರಾಜರ ಕಾಲವಾ? ಇನ್ನು ಯಾರೂ ಯಾರಿಗೂ ಆರ್ಡರ್ ಮಾಡುವ ಹಾಗಿಲ್ಲ. ಎಲ್ಲ ಎಲ್ಲರದ್ದು. ಶಕ್ತಿ ಇದ್ದಷ್ಟು ತರುವುದು, ಬೇಕಾದಷ್ಟು ತಿನ್ನುವುದು."

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ಗ್ಲಾಡಿಸ್ ಬಾಯಿ ವಾದಿಸಲಿಲ್ಲ. ಬಡಿಸುವ ದೊಡ್ಡ ಸ್ಟೀಲ್ ಸೌಟನ್ನು ಟಿಶ್ಯೂನಿಂದ ಒರೆಸಿ ಮೇಜಿನ ಮೇಲಿಟ್ಟರು. "ತಗೊಳ್ಳಿ, ಜನರೇ ಬಡಿಸಿ" ಎಂದು ಹಿಂದಿನ ಕುರ್ಚಿಗೆ ಹೋಗಿ ಕೂತರು. ಕ್ರಾಂತಿ ಮುಗಿಯಿತು. ಸಾರು ಇನ್ನೂ ಬಿಸಿ ಇತ್ತು.

ಮಗಳು ಅನ್ವಿತಾಗೆ ಆಗ ಹಿಸ್ಟರಿ ಪರೀಕ್ಷೆ. ಪಾಠ, ರಷ್ಯಾದ ಕ್ರಾಂತಿ. "ಅಮ್ಮಾ, ದಿಸ್ ಈಸ್ ಎಕ್ಸಾಕ್ಟ್ಲಿ ಮೈ ಚಾಪ್ಟರ್!" ಎಂದು ಕುಣಿದಳು. ಝಾರ್ ದೊರೆ ಬಿದ್ದ, ಅರಮನೆ ಜನರದ್ದಾಯಿತು, ಭೂಮಿ ಜನರದ್ದಾಯಿತು.

"ಆಮೇಲೆ ಎಂತ ಆಯ್ತು?" ನಾನು ಕೇಳಿದೆ.

"ಡೋಂಟ್ ನೋ. ಆ ಪೇಜ್‌ಗೆ ಇನ್ನೂ ಬಂದಿಲ್ಲ."

ಆ ಪೇಜ್‌ಗೆ ಅವಳಿಗಿಂತ ಮೊದಲು ನಾವು ಬಂದೆವು.

ಮೊದಲ ಸ್ವತಂತ್ರ ಭಾನುವಾರ ನಾನು ದೊಡ್ಡ ಪಾತ್ರೆ ತುಂಬ ಗಸಿ ಒಯ್ದೆ. ಉಳಿದವರ ಶಕ್ತಿ ಎಷ್ಟೆಂದು ಅಂದು ಗೊತ್ತಾಯಿತು. ಒಬ್ಬರ ಶಕ್ತಿ ಹಪ್ಪಳದಷ್ಟು, ಒಬ್ಬರದು ಉಪ್ಪಿನಕಾಯಿಯಷ್ಟು, ಇನ್ನೊಬ್ಬರದು ಪೇಪರ್ ಪ್ಲೇಟಿನಷ್ಟು. ಎರಡು ಮನೆಯವರು ಚಿಪ್ಸ್. ದಿವಾಕರಣ್ಣನದು ಅದೇ ಐಸ್. ಆದರೆ ತಿನ್ನುವಾಗ ಎಲ್ಲರಿಗೂ ಬೇಕಾದದ್ದು ಮಾತ್ರ ಒಂದೇ: ಕೋಳಿ. ಸಾಲಿನಲ್ಲಿ ಮುಂದಿದ್ದವರಿಗೇ ಪಾತ್ರೆಯ ತಳ ಕಂಡಿತು. ಹಿಂದಿದ್ದವರು ಖಾಲಿ ಪ್ಲೇಟ್ ಹಿಡಿದು, ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಅಲ್ಲ ಸುಮತಿಯಕ್ಕ, ಅನ್ನ ಎಲ್ಲಿ?"

ಇಷ್ಟು ವರ್ಷದಲ್ಲಿ ನನ್ನ ಅನ್ನದ ಬಗ್ಗೆ ಯಾರಾದರೂ ಅಷ್ಟು ಪ್ರೀತಿಯಿಂದ ವಿಚಾರಿಸಿದ್ದು ಅದೇ ಮೊದಲು. ಗಸಿಯ ಬಗ್ಗೆ ಒಂದು ಮಾತಿಲ್ಲ. ಕೊನೆಗೆ ಪಕ್ಕದ ಗ್ರೋಸರಿಯಿಂದ ಖುಬೂಸ್ ರೊಟ್ಟಿ ತರಿಸಿದೆವು.

ಅವ್ಯವಸ್ಥೆ ಆದಮೇಲೆ ಕಮಿಟಿ ಆಗಲೇಬೇಕಲ್ಲ? ಆಯಿತು. ದಿವಾಕರಣ್ಣ, ಅವರ ಹೆಂಡತಿ, ಅವರ ಭಾವ. ಗುರುವಾರ ಸಂಜೆ ಗ್ರೂಪಿನಲ್ಲಿ ಮೆಸೇಜ್ ಬಂತು: ಜನರ ತೀರ್ಮಾನದಂತೆ ಕೋಳಿ ಕಮಿಟಿಯದ್ದು, ಐಸ್ ಗ್ಲಾಡಿಸ್ ಬಾಯಿಯದ್ದು, ಅನ್ನ ಸುಮತಿಯಕ್ಕನದ್ದು.

ಭಾನುವಾರ ಸೌಟು ದಿವಾಕರಣ್ಣನ ಕೈಯಲ್ಲಿತ್ತು. ತಲೆಗೆ ಎರಡೇ ತುಂಡು. ಲೆಗ್ ಪೀಸುಗಳು ಮಾತ್ರ ಮೊದಲೇ ಒಂದು ಡಬ್ಬಿಗೆ ಸೇರಿದ್ದವು. (ಕಮಿಟಿಗೆ ದುಬೈ ದೂರ. ದಾರಿಯಲ್ಲಿ ಹಸಿವಾಗುತ್ತದೆ.)

ನನಗೆ ತಡೆಯಲಿಲ್ಲ. "ಇದು ಮೊದಲಿನ ಹಾಗೇ ಆಯ್ತಲ್ಲ ದಿವಾಕರಣ್ಣ?"

"ಛೆ ಛೆ, ಎಂತ ಅಕ್ಕ ನೀವು! ಆಗ ಬಾಯಿ ಹೇಳಿದ್ದನ್ನು ಮಾಡ್ತಿದ್ರಿ. ಈಗ ನೀವು ಹೇಳಿದ್ದನ್ನೇ ನೀವು ಮಾಡುವುದು."

"ನಾನು ಯಾವಾಗ ಹೇಳಿದೆ?"

"ಜನರ ತೀರ್ಮಾನ ಅಂತ ಹಾಕಿದ್ದೇನಲ್ಲ. ನೀವು ಜನ ಅಲ್ವಾ?"

ನಾನು ಜನ ಹೌದೋ ಅಲ್ಲವೋ ಎಂದು ಯೋಚಿಸುತ್ತಾ ಅನ್ನ ಬಡಿಸುತ್ತಿದ್ದೆ. ಸಾಲಿನಲ್ಲಿ ಗ್ಲಾಡಿಸ್ ಬಾಯಿ ಬಂದರು. ಕೈಯಲ್ಲಿ ಎಲ್ಲರ ಹಾಗೇ ಪೇಪರ್ ಪ್ಲೇಟ್.

"ಬೇಜಾರಾ ಸುಮತಿ?"

ನಾನು ಅವರ ಪ್ಲೇಟಿಗೆ ಅನ್ನ ಹಾಕಿದೆ.

"ನಾನಿದ್ದಾಗ ಮನೆಗೆ ಹೋಗಿ ನನಗೆ ಬೈತಿದ್ದಿ. ಗೊತ್ತುಂಟು ನನಗೆ. ಈಗ ಯಾರಿಗೆ ಬೈತಿ?" ಅಂದರು. ಒಂದಗುಳು ಹಿಸುಕಿ ನೋಡಿ, "ಅನ್ನ ಸ್ವಲ್ಪ ಮುದ್ದೆಯಾಗಿದೆ" ಎಂದು ಮುಂದೆ ಹೋದರು.

ಸಂಜೆ ಅನ್ವಿತಾಳ ಪುಸ್ತಕ ಕೇಳಿ ತೆಗೆದುಕೊಂಡೆ. ಆ ಚಾಪ್ಟರ್ ಇಡೀ ಓದಿದೆ. ಝಾರ್ ಇದ್ದಾನೆ, ಪಕ್ಷ ಇದೆ, ಕಮಿಟಿಗಳಿವೆ, ಬಾವುಟವಿದೆ, ಚಿತ್ರಗಳೂ ಇವೆ.

ಅರಮನೆ ಬಿದ್ದ ಮರುದಿನ ಬೆಳಗ್ಗೆ ಎದ್ದು ಒಲೆ ಹೊತ್ತಿಸಿದವಳು ಯಾವ ಪುಟದಲ್ಲಿದ್ದಾಳೆ?