ಮಂಗಳವಾರದ ಬೆಂಕಿ

ಕಾಲುವೆ ಕೆಲಸದಾಗ ನನ್ನ ಕೈಯಲ್ಲಿ ಬೆಸುಗೆ ಹಾಕುವ ಬ್ಲೋಲ್ಯಾಂಪ್ ಇತ್ತು. ಚಿಮಣಿ ಎಣ್ಣಿ ತುಂಬಿ, ಹೊತ್ತಿಸಿ, ಪಂಪ್ ಹೊಡೆದರೆ ನೀಲಿ ಉರಿ ಬುಸುಗುಡುತ್ತಿತ್ತು. ಒಮ್ಮೆ ಜವಳಗೇರಾದಲ್ಲಿ ಆ ಸದ್ದಿಗೆ ಕಣ್ಣಿ ಹರಕೊಂಡ ಎತ್ತುಗಳನ್ನ ಒಂದು ದಿನದ ಹಾದಿ ದೂರದ ಲಿಂಗಸುಗೂರಿನಾಗ ಹಿಡಿದರು. ಸುಳ್ಳು ಹೇಳಿ ನನಗೇನು ಬರೋದೈತಿ?

ಸಿಂಧನೂರು ಹತ್ತಿರ ನಮ್ಮ ಕಾಲುವೆ ಬದಿಗೆ ಬಂಗಾಲಿ ನಿರಾಶ್ರಿತರು ಹೊಸದಾಗಿ ಬಂದು ಕ್ಯಾಂಪು ಹಾಕಿದ್ದರು. ಒಂದು ಮುಂಜಾನೆ ಮಳೆಗೆ ಅವರ ಕಟ್ಟಿಗೆಯೆಲ್ಲ ನೆನೆದಿತ್ತು. ಒಬ್ಬ ತಾಯಿ ಕೂಸಿಗೆ ಹಾಲು ಕಾಸಲಾಗದೆ, ಪಕ್ಕದ ಹೊಲದ ಮುದುಕಿ ಬಸಮ್ಮನ ಒಲೆಯ ಕಡೆ ಕೈ ಮಾಡಿ ಕೆಂಡ ಬೇಡುತ್ತಿದ್ದಳು. ಕೂಸು ಹಸಿದು ಅತ್ತು ಅತ್ತು ದನಿ ಬಿದ್ದಿತ್ತು.

"ಇವತ್ತು ಮಂಗಳವಾರ. ಒಲಿಯ ಕೆಂಡ ಹೊರಗ ಕೊಟ್ರ ಲಕ್ಷ್ಮಿ ಹೊಂಟ ಹೋಗ್ತಾಳ" ಅಂದಳು ಬಸಮ್ಮ. ಆಕೆಯ ಕಣ್ಣಾಗೂ ನೀರಿತ್ತು.

ನಾನು ಬ್ಲೋಲ್ಯಾಂಪ್ ಹೊತ್ತಿಸಿ ಆ ತಾಯಿಯ ಒಲೆಗೆ ಹಿಡಿದೆ.

"ಲೇ ತಮ್ಮಾ, ಅದು ಯಾರ ಮನಿ ಬೆಂಕಿ?"

"ಸರ್ಕಾರದ್ದು ಬೇ ಯವ್ವಾ."

"ಸರ್ಕಾರಕ್ಕ ಮಂಗಳವಾರ ಇಲ್ಲೇನು?"

"ಇಲ್ಲ. ಅದಕ್ಕ ರಜಾದ ಐತವಾರ ಒಂದ ಗೊತ್ತು."

ಮುದುಕಿ ನಕ್ಕುಬಿಟ್ಟಳು. ಹಸಿ ಕಟ್ಟಿಗೆ ಬರೀ ಹೊಗೆಯಾಡುವುದನ್ನು ಕಂಡು ಒಳಗೆ ಓಡಿ, ಒಣಗಿದ ಹತ್ತಿ ಕಟಗಿ ತಂದು ಸುರಿದಳು. "ಕೆಂಡ ಕೊಡಬಾರದು ಅಂದೀನಿ, ಕಟಗಿ ಕೊಡಬಾರದು ಅಂದೀನೇನು?"

ಭಗ್ ಅಂತ ಹತ್ತಿತು. ಕೂಸು ಹಾಲು ಕುಡಿದು ಅಲ್ಲೇ ಮಕ್ಕೊಂತು. ಆ ಸಾಲಿನ ಗುಡಿಸಲವರೆಲ್ಲ ಅದೇ ಉರಿಯಿಂದ ಕೆಂಡ ಒಯ್ದರು. ಈಗ ಆ ಕ್ಯಾಂಪಿನಾಗ ಎಷ್ಟು ಒಲೆ ಉರಿಯುತ್ತಾವೋ, ಅಷ್ಟಕ್ಕೂ ಬೀಜ ನನ್ನದೇ. ಗ್ಯಾಸಿನ ಒಲೆ ಇಟ್ಟವರು ಮಾತ್ರ ಒಪ್ಪೋದಿಲ್ಲ.